ಪರುತಪ್ಪನ ತೂಕ

ಈ ಕಥೆಯನ್ನು ನನಗೆ ಹೇಳಿದವರು ಹದಿನಾಲ್ಕು ಮಂದಿ. ಅವರಲ್ಲಿ ಒಬ್ಬರೂ ತಮ್ಮ ಊರಿನ ಹೆಸರನ್ನು ಹೇಳಲಿಲ್ಲ. ಹೆಸರೆತ್ತಿದರೆ ಅದರ ಬೆನ್ನಿಗೇ ಊರಿನವರ ಗುಣಗಾನವೂ ಬಂದುಬಿಡುತ್ತದೆ ಎಂಬುದು ಅವರ ಅಂಜಿಕೆ. ಹಾಗಾಗಿ ಹಾಸುಗಲ್ಲಿನ ಗಣಿಗಳ ನಡುವಿನ ಊರು ಎಂದಷ್ಟೇ ನಾನೂ ಬರೆದುಕೊಂಡಿದ್ದೇನೆ. ಹೇಳಿಕೆಗಳಲ್ಲಿ ಅಲ್ಲಲ್ಲಿ ವ್ಯತ್ಯಾಸಗಳಿವೆ. ಎಲ್ಲಿ ಇಬ್ಬರ ಮಾತು ಕೂಡುವುದಿಲ್ಲವೋ ಅಲ್ಲಿ ಕಣ್ಣಾರೆ ಕಂಡವರ ಮಾತನ್ನು ಉಳಿಸಿಕೊಂಡು ಕೇಳಿ ಹೇಳಿದವರ ಮಾತನ್ನು ಬಿಟ್ಟಿದ್ದೇನೆ.

ಆ ಊರಿನಲ್ಲಿ ಹೊಗಳಿಸಿಕೊಂಡವರ ತೂಕ ಏರುತ್ತದೆ, ಬೈಸಿಕೊಂಡವರ ತೂಕ ಇಳಿಯುತ್ತದೆ. ಮೈ ಇದ್ದಷ್ಟೇ ಇರುತ್ತದೆ. ಅಂಗಿ ಬಿಗಿಯಾಗುವುದಿಲ್ಲ, ಸಡಿಲವೂ ಆಗುವುದಿಲ್ಲ. ಏರಿದ್ದಾಗಲಿ ಇಳಿದದ್ದಾಗಲಿ ಎರಡು ಮೂರು ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ. ಹೊಗಳುವ ಮಾತು ಮನಸ್ಸಿನಿಂದ ಬಂದಿರಬೇಕು, ಇಲ್ಲವಾದರೆ ಗುಂಜಿಯಷ್ಟೂ ಏರುವುದಿಲ್ಲ. ಬೈಯುವ ಮಾತಿಗೆ ಅಂಥ ಕಟ್ಟಳೆಯಿಲ್ಲ, ಅದು ಹೇಗೆ ಬಂದರೂ ಇಳಿಸುತ್ತದೆ. ಈ ಕಾರಣದಿಂದ ಅಲ್ಲಿ ಮದುಮಗ ಕುದುರೆಯಿಂದ ಇಳಿಯುವವರೆಗೆ ಬೀಗರು ಅವನ ರೂಪದ ಮಾತೆತ್ತುವುದಿಲ್ಲ. ಹೆಣ ಕೇಳಿಸಿಕೊಳ್ಳುತ್ತದೆಯೇ ಎಂಬುದು ಇತ್ಯರ್ಥವಾಗಿಲ್ಲವಾದರೂ ಮಣ್ಣು ಮುಗಿಯುವ ತನಕ ಸತ್ತವನ ಒಂದು ಒಳ್ಳೆಯ ಗುಣವನ್ನೂ ಹೊರುವವರು ಹೇಳಗೊಡುವುದಿಲ್ಲ. ತಾಯಂದಿರ ಬಾಯಿ ಕಟ್ಟಲಾಗದು ಎಂದು ತೊಟ್ಟಿಲುಗಳಿಗೆ ಹಗ್ಗದ ಬದಲು ಕಬ್ಬಿಣದ ಸರಪಳಿ ಹಾಕಿರುತ್ತಾರೆ. ಹೊರಊರಿನವರಿಗೆ ಈ ನಿಯಮ ತಟ್ಟುವುದಿಲ್ಲ. ನನ್ನನ್ನು ಅಲ್ಲಿ ಒಂದೆರಡು ಸಲ ಹೊಗಳಿದರು, ಏನೂ ಆಗಲಿಲ್ಲ.

ಊರಿನ ಫುಟ್‌ಬಾಲ್ ತಂಡಕ್ಕೆ ಎಂಬತ್ತು ವರ್ಷ. ಕಲ್ಲು ಕಡಿಯುವವರು, ಗಾಡಿ ಹೊಡೆಯುವವರು, ಗಿರಣಿಯವರು ಸೇರಿ ಕಟ್ಟಿದ ತಂಡ. ಆ ತಂಡವನ್ನು ಊರು ಪ್ರೀತಿಸಿದ್ದು ಬೈಗುಳದಿಂದಲೇ. ಗೆರೆಯ ಆಚೆ ನಿಂತ ಜನ ಆಟಗಾರನನ್ನು ಜರೆದಷ್ಟೂ ಅವನು ಹಗುರಾಗುತ್ತಿದ್ದ, ಹಗುರಾದಷ್ಟೂ ಓಡುತ್ತಿದ್ದ. ಹಿಂದೆ ಒಂಬತ್ತು ವರ್ಷ ಸತತವಾಗಿ ಗೆದ್ದವರಿಗೆ ಕೊಡುವ ಡಾಲು ಆ ಊರಿಗೇ ಬಂದಿತ್ತಂತೆ. ಹೊಳೆಸಾಲಿನ ಊರುಗಳವರು ಭುಜ ಕೊಟ್ಟು ಆಡುವುದನ್ನು ಕಲಿತ ಮೇಲೆ ದಿನಗಳು ತಿರುಗಿದವು. ತಂಡ ಸೋಲತೊಡಗಿತು. ಸೋತದ್ದಕ್ಕೆ ಜನ ಇನ್ನಷ್ಟು ಬೈದರು. ಬೈದದ್ದಕ್ಕೆ ಆಟಗಾರರು ಇನ್ನಷ್ಟು ಹಗುರಾದರು. ಹಗುರಾದ ಕಾಲು ನೆಲ ಕಚ್ಚದೆ ಜಾರುತ್ತಿತ್ತು. ಆ ಜಾರುವಿಕೆಯನ್ನು ಊರು ಮೈಗಳ್ಳತನವೆಂದು ತಿಳಿದು ಮತ್ತಷ್ಟು ಬೈಯಿತು. ಹೀಗೆ ಒಂದೇ ವರ್ಷದಲ್ಲಿ ಹನ್ನೊಂದು ಆಟ ಸೋತರು.

ಹೆಚ್ಚು ಬೈಗುಳ ಬಿದ್ದದ್ದು ಪರುತಪ್ಪನ ಮೇಲೆ. ಅವನು ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಬ್ಯಾಕ್, ವಯಸ್ಸು ಮೂವತ್ತಾರು, ಹದಿನೆಂಟು ವರ್ಷದಿಂದ ಅದೇ ಜಾಗ. ಎದುರಾಳಿ ಭುಜ ತಗುಲಿಸಿದರೆ ಸಾಕು, ನಾಲ್ಕು ಮಾರು ಆಚೆ ಹೋಗಿ ಬೀಳುತ್ತಿದ್ದ. ಜನ ಅವನಿಗೆ ಗಾಳಿಪಟ ಎಂದು ಹೆಸರಿಟ್ಟಿದ್ದರು. ಇನ್ನು ಉಳಿದದ್ದು ಒಂದೇ ಆಟ, ಹೊಳೆದಂಡೆಯ ತಂಡದ ಮೇಲೆ. ಅದರಲ್ಲೂ ಸೋತರೆ ಪಂದ್ಯಾವಳಿಯಿಂದ ಹೊರಗೆ. ಹಾಗಾದರೆ ತಂಡವನ್ನು ಮುಚ್ಚಿ ಮೈದಾನವನ್ನು ಆಡಿನ ಸಂತೆಗೆ ಕೊಡುವುದೆಂದು ಊರ ಹಿರಿಯರು ಗೊತ್ತುಮಾಡಿದ್ದರು. ಸೋಲದಿದ್ದರೆ ಸಾಕು, ಸಮವಾದರೂ ತಂಡ ಉಳಿಯುತ್ತಿತ್ತು.

ಆಟಕ್ಕೆ ಎಂಟು ದಿನ ಇರುವಾಗ ಮೈದಾನದ ಕಲ್ಲುಕಟ್ಟೆಯ ಮೇಲೆ ಸಭೆ ಸೇರಿತು. ತಂಡದ ಅಧ್ಯಕ್ಷ ಟೋಪಣ್ಣ ಬೈಗುಳದಲ್ಲಿ ಊರಿಗೇ ಮೊದಲಿಗ. ಅವನು ಬೈದ ಎಮ್ಮೆಯೊಂದು ಕೆರೆ ಹಾರಿತೆಂದು ಇಬ್ಬರು ಹೇಳಿದರು. ಅವರು ಕಂಡವರಲ್ಲವಾದ್ದರಿಂದ ಬಿಟ್ಟಿದ್ದೇನೆ. ಟೋಪಣ್ಣನ ಮತ ಸರಳವಾಗಿತ್ತು. “ಬೈಯೂದು ಕಮ್ಮಿ ಆಗೇತಿ. ನಮ್ಮ ಅಪ್ಪನ ಕಾಲದಾಗ ಒಬ್ಬೊಬ್ಬ ಆಟಗಾರಗ ಮೂವತ್ತ ಮಂದಿ ಬೈತಿದ್ರು. ಈಗಿನ ಹುಡುಗೂರಿಗೆ ಬಾಯಾಗ ಶಕ್ತಿ ಇಲ್ಲ.”

ಮುಂದೆ ನಿಂತು ಆಡುವ ಯಲ್ಲೂಸಾ, ಇಪ್ಪತ್ತಮೂರರ ಚುರುಕು ಹುಡುಗ, ಒಪ್ಪಲಿಲ್ಲ. “ಟೋಪಣ್ಣ ಕಾಕಾ, ನೀವು ಬೈದ್ರ ನಾ ಓಡ್ತೇನಿ, ಖರೇ. ಆದ್ರ ಹಿಂದ ಇರಾವರು ಹಾರಿ ಹೋಗ್ತಾರ. ನಾ ಒಂದ ಗೋಲ ಹಾಕೂದ್ರಾಗ ಅತ್ತಾಗ ಮೂರ ಆಗಿರ್ತಾವ.”

“ಹಿಂದ ಇರಾವಂಗ ಇನ್ನ ನಾಕ ಜಾಸ್ತಿ ಬೈದ್ರಾತು,” ಎಂದ ಟೋಪಣ್ಣ.

ಆಗ ಕಟ್ಟೆಯ ಕೊನೆಯಲ್ಲಿ ಕುಳಿತಿದ್ದ ಗೂಳಪ್ಪ ಎದ್ದ. ಮೈದಾನದ ಪಕ್ಕದ ಆಡಿನ ಸಂತೆಯಲ್ಲಿ ಕಾಟಾದ, ಎಂದರೆ ತೂಕದ ಯಂತ್ರದ, ಮೇಲೆ ನಲವತ್ತು ವರ್ಷ ಆಡು ತೂಗಿದವನು. ಸಾಕಿದವರು ತೂಕಕ್ಕೆ ನಿಲ್ಲಿಸುವ ಮುನ್ನ ತಮ್ಮ ಹೋತದ ಕಿವಿಯಲ್ಲಿ ಮುದ್ದಿನಿಂದ ನಾಲ್ಕು ಮಾತು ಹೇಳಿಬಿಡುತ್ತಾರೆ. ಸಾಕಿದವರ ಮಾತಿನಲ್ಲಿ ಸುಳ್ಳಿರುವುದಿಲ್ಲವಾದ್ದರಿಂದ ಹೋತ ಭಾರವಾಗುತ್ತದೆ. ಅದಕ್ಕಾಗಿ ಗೂಳಪ್ಪ ಹಟ್ಟಿಯಿಂದ ಬಂದ ಪ್ರತಿ ಆಡಿನ ಕಿವಿಗೂ ಮೊದಲೇ ಅರಳೆ ತುರುಕುತ್ತಿದ್ದ. ಯಾವ ಮಾತಿಗೆ ಎಷ್ಟು ತೂಕವೆಂಬುದು ಅವನಿಗೆ ಕಂಠಪಾಠ. “ಚಲೋ ಐತಿ” ಎಂಬುದಕ್ಕೆ ಮುಕ್ಕಾಲು ಕಿಲೋ, “ನಿನ್ನಂಥಾದ್ದು ಹಟ್ಟ್ಯಾಗ ಇಲ್ಲ” ಎಂಬುದಕ್ಕೆ ನಾಲ್ಕು, ಏನೂ ಹೇಳದೆ ಬೆನ್ನು ಸವರಿ ನಿಟ್ಟುಸಿರು ಬಿಟ್ಟರೆ ಆರು ಎಂದು ಅವನೇ ನನಗೆ ಬರೆಸಿದ.

“ಮಾತ ಸಾಕು,” ಎಂದ ಗೂಳಪ್ಪ. “ಕಾಟಾ ಇಲ್ಲೇ ಐತಿ. ಎಲ್ಲಾರೂ ಹತ್ತ್ರಿ.”

ಹನ್ನೊಂದು ಮಂದಿ ಒಬ್ಬರ ಹಿಂದೊಬ್ಬರು ಆಡಿನ ಕಾಟಾ ಹತ್ತಿದರು. ಯಲ್ಲೂಸಾ ನಲವತ್ತು, ಗೋಲು ಕಾಯುವ ಅಂತೋನಿ ಮೂವತ್ತೆಂಟು. ಪರುತಪ್ಪ ಹತ್ತಿದಾಗ ಮುಳ್ಳು ಅಲುಗಿತೋ ಇಲ್ಲವೋ ಎಂಬಂತೆ ಅಲುಗಿ ಮೂವತ್ತೊಂದಕ್ಕೆ ನಿಂತಿತು. ಇಪ್ಪತ್ತೊಂಬತ್ತು ಎಂದು ಹೇಳುವವರೂ ಇದ್ದಾರೆ. ತೂಗಿದವನ ಮಾತನ್ನೇ ನಾನು ನಂಬಿದ್ದೇನೆ.

ಗೂಳಪ್ಪ ಮುಳ್ಳನ್ನು ಎರಡು ಸಲ ನೋಡಿದ. “ಪರುತಪ್ಪ, ನಿನ್ನಿ ಸಂತ್ಯಾಗ ಮಾರಿದ ಹೋತ ನಿನಕಿಂತಾ ಆರು ಕಿಲೋ ಜಾಸ್ತಿ ಇತ್ತಪಾ.”

ಜನ ನಕ್ಕರು. ಪರುತಪ್ಪನೂ ನಕ್ಕ. ನಕ್ಕವರಲ್ಲಿ ಮೊದಲು ಸುಮ್ಮನಾದವನು ಟೋಪಣ್ಣ. ಹನ್ನೊಂದು ಸೋಲಿಗೂ ಕಾರಣವಾದ ತಮ್ಮ ಬೈಗುಳವೇ ಆ ಮುಳ್ಳಿನ ಮೇಲೆ ನಿಂತಿದೆ ಎಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಿತಂತೆ. ಇದನ್ನು ಅವನೇ ನನಗೆ ತಲೆ ತಗ್ಗಿಸದೆ ಹೇಳಿದ. ಮುಚ್ಚಿಡುವ ಸ್ವಭಾವ ಆ ಊರಿನವರದಲ್ಲ.

ಗೂಳಪ್ಪ ತನ್ನ ಯೋಚನೆಯನ್ನು ಬಿಡಿಸಿ ಹೇಳಿದ. ಹನ್ನೊಂದು ಮಂದಿಗೂ ಒಂದೇ ತೂಕ ಬೇಡ. ಮುಂದೆ ಓಡುವ ಮೂವರು ಹಗುರಾಗಿಯೇ ಇರಲಿ, ಅವರನ್ನು ಬೈಯಿರಿ. ನಡುವಿನವರನ್ನು ಬೈಯಲೂ ಬೇಡಿ, ಹೊಗಳಲೂ ಬೇಡಿ. ಹಿಂದಿನವರು ಮಾತ್ರ ಕಲ್ಲಾಗಬೇಕು. “ಗ್ವಾಡಿ ಇಲ್ಲದ ಮನಿಗೆ ಬಾಗಲಾ ಯಾಕ ಬೇಕ್ರಿ? ಹೊಳಿದಂಡಿಯವರು ಡಿಕ್ಕಿ ಹೊಡದ್ರ ಪರುತಪ್ಪ ಅಲಗಬಾರದು. ಅವಗ ತೊಂಬತ್ತ ಕಿಲೋ ಬೇಕು. ಹೊಗಳ್ರಿ.”

ಟೋಪಣ್ಣ ಗಂಟಲು ಸರಿಮಾಡಿಕೊಂಡ. “ಪರುತಪ್ಪ, ನೀ ಭಾಳ ಚಲೋ ಆಟಗಾರ.” ಮುಳ್ಳು ಅಲುಗಲಿಲ್ಲ. “ನೀ ನಮ್ಮ ಊರ ಹುಲಿ.” ಅಲುಗಲಿಲ್ಲ. ಸುತ್ತ ನಿಂತವರೂ ಒಬ್ಬೊಬ್ಬರಾಗಿ ಹೇಳಿದರು. ಸಿಂಹ ಎಂದರು, ಗಂಡುಗಲಿ ಎಂದರು, ಒಬ್ಬ ಆನೆ ಎಂದ. ಮುಳ್ಳು ಮೂವತ್ತೊಂದರ ಮೇಲೆಯೇ ಮಲಗಿತ್ತು. ಹನ್ನೊಂದು ಸೋಲಿನ ಮೇಲೆ ಯಾರ ಮನಸ್ಸಿನಲ್ಲೂ ಅವನ ಬಗ್ಗೆ ಒಂದು ನಿಜವಾದ ಒಳ್ಳೆಯ ಮಾತು ಉಳಿದಿರಲಿಲ್ಲ. ಅದನ್ನು ಊರೆಲ್ಲ ನಿಂತು ನೋಡುತ್ತಿರುವಾಗ ಕಾಟಾದ ಮೇಲೆ ನಿಂತುಕೊಂಡಿರಬೇಕಾದದ್ದು ಪರುತಪ್ಪ.

“ಇಳೀಲೇನ್ರಿ?” ಎಂದು ಕೇಳಿದನಂತೆ.

“ಇಳಿಯಪಾ,” ಎಂದ ಗೂಳಪ್ಪ. ಆಮೇಲೆ ಜನರ ಕಡೆ ತಿರುಗಿದ. “ಇಲ್ಲದ್ದು ಹೇಳಿದ್ರ ಏರೂದಿಲ್ಲ. ಇದ್ದದ್ದು ಹೇಳಬೇಕಂದ್ರ ಮೊದಲ ಕಾಣಬೇಕಲ್ಲ. ನಾಳಿಂದ ಎಲ್ಲಾರೂ ಅಭ್ಯಾಸ ನೋಡಾಕ ಬರ್ರಿ. ಬಾಯಿ ಮುಚ್ಚಿಗೊಂಡ ಬರ್ರಿ, ಕಣ್ಣ ತಕ್ಕೊಂಡ ಬರ್ರಿ.”

ಪರುತಪ್ಪನ ಹೆಂಡತಿ ಸಾಂವಕ್ಕ ಮೈದಾನದ ಅಂಚಿನಲ್ಲಿ ಮಿರ್ಚಿ ಕರಿದು ಮಾರುವವಳು. ಗೂಳಪ್ಪ ಅವಳನ್ನೂ ಕೇಳಿದ. “ನೀ ಆದ್ರೂ ನಾಕ ಮಾತ ಹೇಳವ್ವಾ.”

“ನನ್ನ ಕಡಿಂದ ಆಗೂದಿಲ್ರೆಪಾ,” ಎಂದಳು ಸಾಂವಕ್ಕ, ಬಾಣಲೆಯಿಂದ ಕಣ್ಣೆತ್ತದೆ. “ಹದಿನೆಂಟ ವರ್ಷ ಬೈದ ನಾಲಿಗಿ. ಈಗ ಹೊಗಳಾಕ ಹ್ವಾದ್ರ ಅವರ ಹೆದರ್ತಾರ.”

ಆ ಎಂಟು ದಿನಗಳನ್ನು ಊರಿನವರು ಈಗಲೂ ಅಭಿಮಾನದಿಂದ ನೆನೆಯುತ್ತಾರೆ. ಗಣಿಯ ಕೆಲಸ ಮುಗಿಸಿದವರು ಕೈಕಾಲಿನ ಪುಡಿಯನ್ನೂ ತೊಳೆಯದೆ ಬಂದು ಗೆರೆಯ ಆಚೆ ಸಾಲಾಗಿ ಕೂರುತ್ತಿದ್ದರು. ಅಷ್ಟು ವರ್ಷ ಆಟ ನೋಡಿದ್ದರೂ ಬೈಯುವ ಗಡಿಬಿಡಿಯಲ್ಲಿ ಅವರು ಚೆಂಡನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಮೂರನೆಯ ದಿನ ಗಿರಣಿಯ ಚನಮಲ್ಲ ಎಂಬುವನು, ಪರುತಪ್ಪ ಎದುರಾಳಿಯ ಪಾದ ನೋಡುವುದಿಲ್ಲ, ಟೊಂಕ ನೋಡುತ್ತಾನೆ, ಅದಕ್ಕೇ ಅವನು ತಪ್ಪು ಕಡೆ ವಾಲುವುದೇ ಇಲ್ಲ ಎಂಬುದನ್ನು ಕಂಡುಹಿಡಿದು ಎದ್ದು ನಿಂತು ಹೇಳಿದ. ಆ ಒಂದು ಮಾತಿಗೆ ಎಂಟು ಕಿಲೋ ಏರಿತು. ನಾಲ್ಕನೆಯ ದಿನ ಇನ್ನೊಬ್ಬನಿಗೆ, ಪರುತಪ್ಪ ಚೆಂಡನ್ನು ಎತ್ತಿ ಒಗೆಯುವ ಮುನ್ನ ತನ್ನವರು ಎಲ್ಲಿದ್ದಾರೆಂದು ಪ್ರತಿ ಸಲವೂ ತಲೆಯೆತ್ತಿ ನೋಡುವುದು ಕಂಡಿತು. ಅಂತೋನಿಯು, “ಇಷ್ಟ ವರ್ಷದಾಗ ನನಗ ಒಮ್ಮೆರ ಚೆಂಡ ಯಾವ ಕಡಿಂದ ಬರತೈತಿ ಅಂತ ಹೇಳದ ಬಿಟ್ಟಿಲ್ಲ,” ಎಂದ, ಹತ್ತು ಕಿಲೋ. ಸಂಜೆಗೊಮ್ಮೆ ಕಾಟಾ ಹತ್ತಿಸಿ ಗೂಳಪ್ಪ ಅಂಕಿಯನ್ನು ಕೂಗಿ ಹೇಳುತ್ತಿದ್ದ. ಸವೆದದ್ದನ್ನು ಮರುದಿನ ಹೊಸ ಮಾತಿನಿಂದ ತುಂಬಬೇಕಾಗಿತ್ತು, ಏಕೆಂದರೆ ಹೇಳಿದ್ದನ್ನೇ ಹೇಳಿದರೆ ಅರ್ಧವೂ ಏರದು. ಹಾಗಾಗಿ ಜನ ಪ್ರತಿ ದಿನವೂ ನೋಡಲೇಬೇಕಾಯಿತು. ಆಟದ ಬೆಳಿಗ್ಗೆ ಮುಳ್ಳು ಎಂಬತ್ತೆಂಟಕ್ಕೆ ಬಂದಿತ್ತು.

ಆಟ ಶುರುವಾದದ್ದು ಬೆಳಗಿನ ಒಂಬತ್ತಕ್ಕೆ. ಬೈಯುವವರು ಹೊಳೆದಂಡೆಯವರ ಗೋಲಿನ ಕಡೆ, ಹೊಗಳುವವರು ತಮ್ಮ ಗೋಲಿನ ಕಡೆ ಚಾಪೆ ಹಾಸಿ ಕುಳಿತರು. ಹೊಳೆದಂಡೆಯವರಲ್ಲಿ ಒಂಬತ್ತನೆಯ ಅಂಕಿಯ ಅಂಗಿ ತೊಟ್ಟ ಗಡುತರದ ಆಟಗಾರನೊಬ್ಬನಿದ್ದ. ಹಿಂದಿನ ಆಟದಲ್ಲಿ ಪರುತಪ್ಪನನ್ನು ಐದು ಸಲ ಹಾರಿಸಿದವನು ಅವನೇ. ಮೊದಲ ಡಿಕ್ಕಿಯಲ್ಲಿ ಅವನು ತಾನೇ ಎರಡು ಹೆಜ್ಜೆ ಹಿಂದೆ ಸರಿದು ಭುಜ ಉಜ್ಜಿಕೊಂಡ. “ಏನ ತಿಂದಿಯೋ ಮಾರಾಯ?” ಎಂದು ಕೇಳಿದನಂತೆ. “ಮಾತು,” ಎಂದನಂತೆ ಪರುತಪ್ಪ. ಅತ್ತ ಟೋಪಣ್ಣ ಗೆರೆಯ ಪಕ್ಕ ಓಡುತ್ತ ಯಲ್ಲೂಸಾನ ಏಳು ತಲೆಮಾರನ್ನು ಎಣಿಸುತ್ತಿದ್ದ. ಯಲ್ಲೂಸಾ ಇಬ್ಬರ ನಡುವಿನಿಂದ ಹತ್ತಿಯ ಎಳೆಯಂತೆ ನುಸುಳಿ ಗೋಲು ಹೊಡೆದ. ಒಂದು ಸೊನ್ನೆ.

ಅರ್ಧ ಆಟ ಮುಗಿದು ತಂಡಗಳು ದಿಕ್ಕು ಬದಲಿಸಿದಾಗ ಊರೂ ದಿಕ್ಕು ಬದಲಿಸಬೇಕಾಯಿತು. ನಾಲ್ಕುನೂರು ಜನ ಚಾಪೆ ಸುತ್ತಿಕೊಂಡು ಎದ್ದರು. ಇದನ್ನು ಯಾರೂ ಮೊದಲೇ ಲೆಕ್ಕ ಹಾಕಿರಲಿಲ್ಲ. ಹೊಗಳುವವರು ನಡುದಾರಿಯಲ್ಲಿ ಸಾಂವಕ್ಕನ ಮಿರ್ಚಿಯ ಮುಂದೆ ಸಾಲು ನಿಂತರು. ಬೈಯುವವರು ಜಾಗ ಬಿಟ್ಟು ಹೊರಡುವಷ್ಟರಲ್ಲಿ ಸೀಟಿ ಊದಿತು. ಹೀಗಾಗಿ ಊರಿನ ಅತಿ ಹರಿತವಾದ ಬಾಯಿಗಳೆಲ್ಲ ಪರುತಪ್ಪನ ಬೆನ್ನ ಹಿಂದೆಯೇ ಉಳಿದವು. ಮಾತಾಡಬಾರದೆಂದು ತುಟಿ ಕಚ್ಚಿ ಕುಳಿತಿದ್ದರು. ಆಟ ಮುಗಿಯಲು ಕಾಲುಗಂಟೆ ಇರುವಾಗ ದೂರದಿಂದ ಒದ್ದ ಚೆಂಡೊಂದು ಬಂತು. ಭಾರದ ಮೈಯಿಂದ ತಿರುಗುವುದು ಪರುತಪ್ಪನಿಗೆ ಒಂದು ಗಳಿಗೆ ತಡವಾಯಿತು. ಚೆಂಡು ಕಾಲ ಸಂದಿಯಿಂದ ಹೋಯಿತು. ಒಂಬತ್ತನೆಯವನು ಅದನ್ನು ಒಳಗೆ ತಳ್ಳಿದ. ಒಂದು ಒಂದು.

ಎಂಬತ್ತು ವರ್ಷದ ರೂಢಿ. ಅಷ್ಟೂ ಬಾಯಿಗಳು ಒಟ್ಟಿಗೆ ತೆರೆದವು. “ಲೇ ಗಾಳಿಪಟ” ಎಂದರು, “ಹೋತದಕಿಂತಾ ಕಡೆ” ಎಂದರು. ಉಳಿದದ್ದನ್ನು ನನ್ನ ಟಿಪ್ಪಣಿಯಲ್ಲೇ ಇರಿಸಿಕೊಂಡಿದ್ದೇನೆ. ಎಂಟು ದಿನ ಕೂಡಿಟ್ಟದ್ದು ಎಂಟು ಉಸಿರಿನಲ್ಲಿ ಹೋಯಿತು. ಹೇಳಿ ಮುಗಿಸುವ ಮುನ್ನವೇ ಅವರು ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡರು. ಮತ್ತೆ ಹೊಗಳಲು ನೋಡಿದರು. ಹೆದರಿಕೆಯ ಮಾತು ಒಂದು ತೊಲವನ್ನೂ ಏರಿಸಲಿಲ್ಲ. ಮುಂದಿನ ಡಿಕ್ಕಿಗೆ ಪರುತಪ್ಪ ನೆಲ ಬಿಟ್ಟು ಹಾರಿ, ಗೆರೆ ದಾಟಿ, ಸಾಂವಕ್ಕನ ಒಲೆಯ ಪಕ್ಕದಲ್ಲಿ ಬಂದು ಕುಳಿತ. ಚೆಂಡು ಹೊರಗೆ ಹೋಗಿತ್ತು. ಇನ್ನು ಹತ್ತು ನಿಮಿಷ.

ಸಾಂವಕ್ಕ ಅವನ ಮೊಣಕಾಲಿನ ಮಣ್ಣು ನೋಡಿದಳು. ಜಾಲರಿ ಸೌಟನ್ನು ಕೆಳಗಿಟ್ಟಳು. ಅವಳ ಮಾತನ್ನು ಅಲ್ಲಿ ಮಿರ್ಚಿಗೆ ನಿಂತಿದ್ದ ಏಳು ಜನರಿಂದ ಬೇರೆಬೇರೆಯಾಗಿ ಕೇಳಿ ಬರೆದುಕೊಂಡಿದ್ದೇನೆ. ಹದಿನಾಲ್ಕು ಜನರ ಇಡೀ ಕಥೆಯಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲದೆ ಸಿಕ್ಕ ಭಾಗ ಇದೊಂದೇ.

“ಕೇಳ್ರಿ ಇಲ್ಲೆ. ಹದಿನೆಂಟ ವರ್ಷ ನಿಮಗ ರೊಟ್ಟಿ ಬಡದ ಹಾಕೇನಿ. ಗೆದ್ದ ಬಂದೀರಿ, ಸೋತ ಬಂದೀರಿ. ಸೋತ ದಿನ ಒಮ್ಮೆರ ಅಂವ ಹಂಗ ಮಾಡಿದಾ, ಇಂವ ಹಿಂಗ ಮಾಡಿದಾ ಅಂತ ಮಂದಿ ಮ್ಯಾಲ ಹಾಕಿಲ್ಲ. ನಂದ ತಪ್ಪಾತು ಅಂತ ಉಂಡ ಮಲಗೀರಿ. ಮುಂಜಾನೆದ್ದು ಎಲ್ಲಾರಕಿಂತಾ ಮೊದಲ ಇಲ್ಲಿಗೇ ಬಂದೀರಿ. ಅಂಥಾ ಮನಿಶ್ಯಾನ್ನ ನಾ ಬ್ಯಾರೆ ನೋಡಿಲ್ಲ.” ಮತ್ತೆ ಸೌಟು ಕೈಗೆತ್ತಿಕೊಂಡು, “ಹೋಗ್ರಿ ಈಗ. ಎಣ್ಣಿ ಕಾಯಾಕತ್ತೈತಿ,” ಎಂದಳು.

ಪರುತಪ್ಪ ಏಳಲು ಕೈಯೂರಿದಾಗ ಅಂಗೈ ಮಣ್ಣಿನಲ್ಲಿ ಹೂತುಹೋಯಿತು. ಎಷ್ಟು ಕಿಲೋ ಎಂದು ನಾನು ಗೂಳಪ್ಪನನ್ನು ಕೇಳಿದೆ. ತನ್ನ ಕಾಟಾ ಇರುವುದು ಆಡಿಗಾಗಿ ಎಂದಷ್ಟೇ ಹೇಳಿದ. ಪರುತಪ್ಪ ಗೆರೆ ದಾಟಿ ಒಳಗೆ ಹೋದ. ಓಡುವುದು ಆಗದ ಮಾತು. ಒಂದೊಂದು ಹೆಜ್ಜೆಯನ್ನೂ ಕಿತ್ತು ಇಡಬೇಕಿತ್ತು. ಗೋಲಿನ ಮುಂದೆ ಹೋಗಿ, ಎಲ್ಲಿ ನಿಂತರೆ ಸರಿಯೆಂದು ಹದಿನೆಂಟು ವರ್ಷ ಕಲಿತಿದ್ದನೋ ಅಲ್ಲಿ ನಿಂತ. ಅಲ್ಲಿಂದಲೇ ಕೂಗಿದ: “ಅಂತೋನಿ, ಬಲಕ್ಕ ಬಾ. ಯಲ್ಲೂ, ನೀ ಮ್ಯಾಲೇ ಇರು, ಹಿಂದ ಬರಬ್ಯಾಡ.” ಎರಡು ಸಲ ಹೊಳೆದಂಡೆಯವರು ನುಗ್ಗಿದರು; ಎರಡು ಸಲವೂ ಬಂದವರು ಅವನಿಗೆ ತಗುಲಿ ಕುಳಿತರು. ಕೊನೆಯ ನಿಮಿಷದಲ್ಲಿ ಒಂಬತ್ತನೆಯವನು ಹತ್ತು ಮಾರು ದೂರದಿಂದ ಇದ್ದಷ್ಟೂ ಬಲ ಹಾಕಿ ಒದ್ದ. ಚೆಂಡು ಪರುತಪ್ಪನ ಎದೆಗೆ ಬಡಿಯಿತು. ಸದ್ದು ಕಟ್ಟೆಯ ತನಕ ಕೇಳಿಸಿತಂತೆ. ಅವನು ಕೂದಲೆಳೆಯಷ್ಟೂ ಹಿಂದೆ ಸರಿಯಲಿಲ್ಲ. ಚೆಂಡು ಅವನ ಕಾಲ ಬುಡಕ್ಕೆ ಬಿದ್ದು ಅಲ್ಲೇ ನಿಂತಿತು. ಒದೆಯಲು ಕಾಲು ಏಳದು. ಕಾಲ್ಬೆರಳ ತುದಿಯಿಂದ ಅಂತೋನಿಯ ಕಡೆ ಮೆಲ್ಲಗೆ ನೂಕಿದ. ಸೀಟಿ ಊದಿತು.

ತಂಡ ಉಳಿಯಿತು. ಜನ ಗೆರೆ ದಾಟಿ ಬಂದು ಪರುತಪ್ಪನನ್ನು ಹೆಗಲಿಗೇರಿಸಿಕೊಳ್ಳಲು ನೋಡಿದರು. ನಾಲ್ವರಿಂದ ಆಗಲಿಲ್ಲ, ಹನ್ನೆರಡು ಮಂದಿಯಿಂದಲೂ ಆಗಲಿಲ್ಲ. ಸುತ್ತ ನಿಂತವರ ಬಾಯಿಂದ ತಡೆಯಿಲ್ಲದೆ ಒಳ್ಳೆಯ ಮಾತುಗಳು ಬರುತ್ತಿದ್ದವು, ಎಲ್ಲವೂ ನಿಜ, ಅವನು ಪಾದದ ಗಂಟಿನವರೆಗೆ ನೆಲದಲ್ಲಿ ಹೂತ. “ಸಾಕ್ರಿ, ಇನ್ನ ಹೊಗಳಿದ್ರ ನೀರ ಹತ್ತತಾವ,” ಎಂದು ಗೂಳಪ್ಪ ಎಲ್ಲರನ್ನೂ ಸುಮ್ಮನಾಗಿಸಬೇಕಾಯಿತು. ಟೋಪಣ್ಣ ಮುಂದೆ ಬಂದು ತೋಳೇರಿಸಿದ. “ತಡೀರಿ, ನಾ ಎರಡ ಮಾತ ಬೈತೇನಿ. ಹೂವಿನಂಗ ಎತಗೊಂಡ ಹೋಗೂಣು.”

“ಬ್ಯಾಡ್ರಿ, ಟೋಪಣ್ಣಾರ,” ಎಂದ ಪರುತಪ್ಪ. “ಇವತ್ತೊಂದಿನ ಇರಲಿ.”

ಒಂಬತ್ತನೆಯ ಅಂಗಿಯವನು ಹತ್ತಿರ ಬಂದು ಭುಜ ಚಾಚಿದ. “ಅಣ್ಣಾರ, ನನ್ನ ಹೆಗಲ ಮ್ಯಾಲ ಕೈ ಇಡ್ರಿ.”

“ನಿನ್ನ ಹೆಗಲ ಮುರದೀತು ತಮ್ಮಾ. ನಂದ ನಾ ಹೊತಗೊಂಡ ಹೋಗ್ತೇನಿ.”

ಮೈದಾನದಿಂದ ಅವನ ಮನೆಗೆ ನಾನೂರು ಹೆಜ್ಜೆ. ನಾನು ನಡೆದು ಎಣಿಸಿದ್ದೇನೆ. ಅಂದು ಅವನು ಅದನ್ನು ನಡೆಯಲು ಮಧ್ಯಾಹ್ನ ತಿರುಗಿತು. ಪಕ್ಕದಲ್ಲಿ ಸಾಂವಕ್ಕ ಖಾಲಿ ಬುಟ್ಟಿ ಹೊತ್ತು ಅವನ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿ ನಡೆದಳು. ಅಷ್ಟೂ ದಾರಿ ಅವಳೂ ಬೈಯಲಿಲ್ಲ. ಊರು ಹಿಂದೆ ಬಂತು, ಯಾರೂ ಅವರನ್ನು ದಾಟಿ ಮುಂದೆ ಹೋಗಲಿಲ್ಲ. ಬೀದಿಗೆ ಹಾಸಿದ ಕಲ್ಲು ಅವನ ಪಾದದ ಕೆಳಗೆ ಚಟ್ಟೆಂದು ಸೀಳಿಹೋದಾಗ ಅವನು ಹೌಹಾರಿ ನಿಂತು, ಕಲ್ಲಿಲ್ಲದ ಅಂಚಿಗೆ ಸರಿಯಹೋದ. ಆಗ ಎಡಗಡೆಯ ಮನೆಯ ಮುದುಕಿಯೊಬ್ಬಳು ಬಾಗಿಲಿಗೆ ಬಂದು, “ಯಾಕ ಸರೀತಿ ನನ್ನಪ್ಪಾ? ನಮ್ಮ ಕಲ್ಲಿನ ಮ್ಯಾಲೂ ಕಾಲಿಟ್ಟ ಹೋಗು, ನಿನ್ನ ಗುರ್ತ ಇರಲಿ,” ಎಂದಳು. ಎದುರು ಮನೆಯವರೂ ಕರೆದರು. ಆಮೇಲೆ ಬೀದಿಯ ಎರಡೂ ಸಾಲಿನವರು ಬಾಗಿಲಲ್ಲಿ ನಿಂತು, ನಮ್ಮದರ ಮೇಲೆ, ನಮ್ಮದರ ಮೇಲೆ ಎಂದು ಕರೆಯತೊಡಗಿದರು. ಪರುತಪ್ಪ ಯಾರನ್ನೂ ಬಿಡಲಿಲ್ಲ. ಆ ಬದಿ ಒಂದು, ಈ ಬದಿ ಒಂದು, ಪ್ರತಿ ಮನೆಯ ಮುಂದಿನ ಕಲ್ಲಿನ ಮೇಲೂ ನಿಂತು ಅದನ್ನು ಸೀಳುತ್ತ ಮನೆಗೆ ಹೋದ.